ಶೇರು ಜೊತೆ ಕಾರವಾರಕ್ಕೆ: ನಾವು ಹೋಟೆಲ್ ಆರಿಸಿದ್ದು ಹೀಗೆ

ನಾಯಿ ಇದೆ ಅಂದ ಕೂಡಲೇ ಹೋಟೆಲಿನವರು ಏನು ಕೇಳುತ್ತಾರೆ? ನಾನು ಹೋಟೆಲ್ ಆರಿಸುವುದು ಇದರ ಮೇಲೆ. "ನಾಯಿಗೆ ಇಷ್ಟು ಎಕ್ಸ್‌ಟ್ರಾ ಆಗುತ್ತೆ" ಅಂತ ದುಡ್ಡಿನಿಂದಲೇ ಮಾತು ಶುರು ಮಾಡಿದರೆ ನನಗೆ ಅಷ್ಟಾಗಿ ನಂಬಿಕೆ ಬರುವುದಿಲ್ಲ. "ಯಾವ ತಳಿ, ಎಷ್ಟು ವಯಸ್ಸು, ಬೇರೆ ನಾಯಿ ಕಂಡರೆ ಹೇಗಿರುತ್ತೆ, ರೇಬಿಸ್ ಇಂಜೆಕ್ಷನ್ ಆಗಿದೆಯಾ" ಅಂತ ಕೇಳಿದರೆ ಅಲ್ಲಿ ಮೊದಲೇ ನಾಯಿಗಳು ಬಂದು ಉಳಿದು ಹೋಗಿವೆ ಅಂತ ಗೊತ್ತಾಗುತ್ತದೆ. ಅವರಿಗೆ ಏನೇನು ತೊಂದರೆ ಬರಬಹುದು ಅನ್ನೋದು ಗೊತ್ತಿರುತ್ತದೆ. ಅದಕ್ಕೇ ಕೇಳುತ್ತಾರೆ.

ನಾವು ಕಲಬುರಗಿಯವರು. ನಾನು, ನಮ್ಮ ಮನೆಯವರು, ಅತ್ತೆ, ಇಬ್ಬರು ಮಕ್ಕಳು, ಜೊತೆಗೆ ಶೇರು. ಶೇರು ಮುಧೋಳ ನಾಯಿ. ಉದ್ದ ಕಾಲು, ಸಣ್ಣ ನಡು, ಚೂಪು ಮೂತಿ. ಕಣ್ಣಿಂದ ನೋಡಿ ಬೇಟೆ ಆಡುವ ತಳಿ ಇದು. ಏನಾದರೂ ಓಡುವುದು ಕಂಡರೆ ಸಾಕು, ಹಿಂದೆ ಬೀಳುತ್ತದೆ. ಆಗ ಎಷ್ಟು ಕೂಗಿದರೂ ತಿರುಗಿ ನೋಡುವುದಿಲ್ಲ. ಇದನ್ನು ಮೊದಲೇ ಹೇಳಲು ಕಾರಣವಿದೆ. ಹೋಟೆಲಿನವರಿಗೆ ಏನು ಕೇಳಬೇಕು ಅನ್ನೋದು ನಿಮ್ಮ ನಾಯಿ ಎಂಥದ್ದು ಅನ್ನೋದರ ಮೇಲೆ ಹೋಗುತ್ತದೆ. ಪಗ್ ಸಾಕಿದವರ ಚಿಂತೆ ಬೇರೆ, ನಮ್ಮದು ಬೇರೆ.

ಮಕ್ಕಳಿಗೆ ಸಮುದ್ರ ನೋಡಬೇಕಿತ್ತು. ಕಲಬುರಗಿಯಿಂದ ಮುಂಬೈಗೆ ನೇರ ರೈಲಿದೆ. ಆದರೆ ರೈಲಿನಲ್ಲಿ ನಾಯಿಯನ್ನು ಜೊತೆಗೆ ಕೂರಿಸಿಕೊಳ್ಳಬೇಕಂದ್ರೆ ಫಸ್ಟ್ ಎಸಿಯಲ್ಲಿ ಬಾಗಿಲಿರುವ ಇಡೀ ಕೋಣೆ (ಕೂಪೆ ಇಲ್ಲವೇ ಕ್ಯಾಬಿನ್) ನಮ್ಮದೇ ಆಗಬೇಕು. ಸ್ಲೀಪರ್, ಥರ್ಡ್ ಎಸಿ, ಸೆಕೆಂಡ್ ಎಸಿಯಲ್ಲಿ ಬಿಡುವುದಿಲ್ಲ. ಇನ್ನೊಂದು ದಾರಿ ಅಂದರೆ ಗಾರ್ಡ್ ಡಬ್ಬಿಯ ನಾಯಿ ಪೆಟ್ಟಿಗೆ. ಶೇರುವಿನಂಥ ಉದ್ದ ಕಾಲಿನ ನಾಯಿಯನ್ನು ಆ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಒಂಟಿಯಾಗಿ ಬಿಡಲು ನನಗೆ ಮನಸ್ಸು ಬರಲಿಲ್ಲ. ಹಾಗಾಗಿ ಕಾರೇ ಸರಿ ಅಂತಾಯ್ತು. ಕಾರಿನಲ್ಲಿ ಅಂದರೆ ಗೋವಾ ಇಲ್ಲವೇ ಕಾರವಾರ. ಗೋವಾದಲ್ಲಿ ನಾಯಿಗೆ ಜಾಗ ಕೊಡುವ ಹೋಟೆಲುಗಳು ಜಾಸ್ತಿ, ಅದು ನಿಜ. ಆದರೆ ರಾತ್ರಿ ಹಾಡು, ಪಟಾಕಿ, ಜನಜಂಗುಳಿ ಅತ್ತೆಗೂ ಆಗುವುದಿಲ್ಲ, ಶೇರುಗೂ ಆಗುವುದಿಲ್ಲ. ಕಾರವಾರವೂ ಸಮುದ್ರಕ್ಕೆ ಅಂಟಿಕೊಂಡ ಊರೇ. ರವೀಂದ್ರನಾಥ ಟಾಗೋರ್ ಕಡಲತೀರ ಊರೊಳಗೇ ಇದೆ. ಆಸ್ಪತ್ರೆ, ಔಷಧಿ ಅಂಗಡಿ, ಮಾರ್ಕೆಟ್ ಎಲ್ಲಾ ಹತ್ತಿರ. ವಯಸ್ಸಾದವರು, ಮಕ್ಕಳು, ನಾಯಿ ಮೂರೂ ಇರುವ ಮನೆಗೆ ಇದು ದೊಡ್ಡ ಅನುಕೂಲ.

ಕಡಲ ಪಕ್ಕದ ಹೋಟೆಲಿಗಿಂತ ಮುಂಚೆ ನಾನು ಹುಡುಕಿದ್ದು ನಡುವಿನ ಹಾಲ್ಟಿಗೆ ಜಾಗ. ಜೇವರ್ಗಿ, ಸಿಂದಗಿ, ವಿಜಯಪುರ ದಾಟಿ ಹುಬ್ಬಳ್ಳಿ ಮುಟ್ಟುವ ಹೊತ್ತಿಗೆ ಎಲ್ಲರೂ ಸುಸ್ತಾಗಿರುತ್ತಾರೆ. ಅಲ್ಲಿಂದ ಯಲ್ಲಾಪುರ, ಅರಬೈಲ್ ಘಾಟ್, ಅಂಕೋಲಾ ಇನ್ನೂ ಬಾಕಿ. ಹುಬ್ಬಳ್ಳಿಯಲ್ಲಿ ನಾನು ಫೋನ್ ಮಾಡಿದ ಹೋಟೆಲುಗಳು ಹೆಚ್ಚಿನವು ವ್ಯಾಪಾರಕ್ಕೆ ಬರುವವರಿಗಾಗಿ ಇರುವಂಥವು. ನಾಯಿ ಅಂದರೆ ಬೇಡವೇ ಬೇಡ ಅಂದರು. ಕಡೆಗೆ ಊರ ಹೊರಗೆ ಅಂಗಳವಿದ್ದ ಒಂದು ಮನೆ ಸಿಕ್ಕಿತು. ಹಾಲ್ಟ್ ಗಟ್ಟಿಯಾದ ಮೇಲೆಯೇ ಕಾರವಾರಕ್ಕೆ ದುಡ್ಡು ಕಟ್ಟಿದ್ದು. ಈ ಕ್ರಮವನ್ನು ದಯವಿಟ್ಟು ತಿರುಗುಮುರುಗು ಮಾಡಬೇಡಿ. ಸಮುದ್ರದ ಹತ್ತಿರ ಎಷ್ಟೇ ಚಂದದ ರೂಮು ಸಿಕ್ಕಿದರೂ ನಡುದಾರಿಯಲ್ಲಿ ರಾತ್ರಿ ಹತ್ತಕ್ಕೆ ನಾಯಿ ಹಿಡಿದುಕೊಂಡು ಲಾಡ್ಜ್ ಹುಡುಕುವುದು ಯಾರಿಗೂ ಬೇಡ.

ಈಗ ಫೋನಿನ ವಿಷಯ. ಬುಕಿಂಗ್ ಆಪ್‌ಗಳಲ್ಲಿ "ಸಾಕುಪ್ರಾಣಿಗೆ ಅವಕಾಶ" ಅಂತ ಒಂದು ಗುರುತು ಇರುತ್ತದೆ. ಅದು ಹುಡುಕಾಟ ಶುರು ಮಾಡಲು ಮಾತ್ರ. ಒಂದು ಕಡೆ ಆ ಗುರುತಿತ್ತು. ಫೋನ್ ಮಾಡಿದರೆ "ಹೌದು ಮೇಡಂ, ವಾಚ್‌ಮನ್ ರೂಮಿನ ಪಕ್ಕ ಕಟ್ಟಬಹುದು" ಅಂದರು. ಅವರ ಲೆಕ್ಕದಲ್ಲಿ ಅದೂ ಅವಕಾಶವೇ. ಅದಕ್ಕೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: "ನಾಯಿ ರಾತ್ರಿ ಎಲ್ಲಿ ಮಲಗುತ್ತೆ?" ನಮ್ಮ ರೂಮಿನಲ್ಲೇ ಅಂತ ಉತ್ತರ ಬಂದರೆ ಮುಂದಿನ ಮಾತು. ಆಮೇಲೆ ಬಾಡಿಗೆ ರಾತ್ರಿಗೆ ಇಷ್ಟಾ, ಒಟ್ಟಿಗೆ ಇಷ್ಟಾ, ಡಿಪಾಸಿಟ್ ಇದೆಯಾ, ವಾಪಸ್ ಕೊಡ್ತಾರಾ ಅಂತ ವಿಚಾರಿಸುತ್ತೇನೆ. ಶೇರುವಿನ ಪಕ್ಕ ಮಗಳನ್ನು ನಿಲ್ಲಿಸಿ ತೆಗೆದ ಫೋಟೋ ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ. ನಾಯಿ ಎಷ್ಟು ದೊಡ್ಡದು ಅಂತ ಅವರಿಗೆ ಅದರಲ್ಲೇ ತಿಳಿಯುತ್ತದೆ. "ಸರಿ, ಬನ್ನಿ" ಅಂತ ಅವರಿಂದ ಬರಹದಲ್ಲಿ ತೆಗೆದುಕೊಳ್ಳುತ್ತೇನೆ. ಫೋನ್ ಎತ್ತಿದವರೇ ನಾವು ಹೋದ ದಿನ ರಿಸೆಪ್ಷನ್‌ನಲ್ಲಿ ಇರುತ್ತಾರೆ ಅಂತ ಏನಿಲ್ಲವಲ್ಲ.

ರೂಮಿನ ಬಗ್ಗೆ ನಾನು ತುಂಬಾ ಕೇಳುತ್ತೇನೆ. ಎಲ್ಲಕ್ಕಿಂತ ಮೊದಲು ನೆಲ. ನುಣುಪಾದ ಟೈಲ್ಸ್ ಮೇಲೆ ಮುಧೋಳ ನಾಯಿಯ ಕಾಲು ಜಾರುತ್ತದೆ. ಓಡುವಾಗ ಹಿಂಗಾಲು ಅಗಲವಾಗಿ ಹೋದರೆ ಉಳುಕುತ್ತದೆ. ಕಾರವಾರದ ಹೋಟೆಲಿನಿಂದ ರೂಮಿನ ಫೋಟೋ ತರಿಸಿಕೊಂಡೆ, ಟೈಲ್ಸೇ ಇತ್ತು. ಆದರೂ ಆ ಜಾಗ ಬಿಡಲಿಲ್ಲ, ಮಿಕ್ಕಿದ್ದೆಲ್ಲ ಸರಿ ಇತ್ತು. ಮನೆಯ ಹಳೆಯ ಜಮಖಾನೆ ಸುತ್ತಿ ಕಾರಿಗೆ ಹಾಕಿದೆ. ದಾರಿಯಲ್ಲಿ ನವಲಗುಂದ ಬಂದಾಗ ಅತ್ತೆ ಅಲ್ಲಿಯ ಜಮಖಾನೆ ನೆನಪಿಸಿದರು. ನಮ್ಮದೂ ಅಲ್ಲಿಯದೇ. ರೂಮಿಗೆ ಹೋದ ತಕ್ಷಣ ಮಂಚದ ಪಕ್ಕ ಅದನ್ನು ಹಾಸಿದೆವು. ಶೇರು ಮೂಸಿ ನೋಡಿ ಎರಡು ಸುತ್ತು ತಿರುಗಿ ಮಲಗಿತು. ಮನೆಯ ವಾಸನೆ ಇರುವ ಹಾಸಿಗೆ ಹೊಸ ಜಾಗದಲ್ಲಿ ನಾಯಿಗೆ ಎಷ್ಟು ಧೈರ್ಯ ಕೊಡುತ್ತದೆ ಅನ್ನೋದನ್ನು ನೋಡಿಯೇ ನಂಬಬೇಕು.

ಆಮೇಲೆ ನೆಲಮಹಡಿ. ಲಿಫ್ಟ್ ಕಂಡು ಹೆದರುವ ನಾಯಿಗಳೇ ಹೆಚ್ಚು. ಬೆಳಗಿನ ಐದಕ್ಕೆ ಹೊರಗೆ ಹೋಗಬೇಕು ಅಂತ ಬಾಗಿಲ ಮುಂದೆ ನಿಂತಾಗ ಮೂರು ಮಹಡಿ ಇಳಿಯುವುದು ಕಷ್ಟ. ಅತ್ತೆಯ ಮೊಣಕಾಲಿಗೂ ನೆಲಮಹಡಿಯೇ ಒಳ್ಳೆಯದಾಯ್ತು. ಬಾಲ್ಕನಿ ಇದ್ದರೆ ಸರಳುಗಳ ನಡುವಿನ ಸಂದು ಎಷ್ಟಿದೆ ಅಂತ ಕೇಳಬೇಕು. ಮುಧೋಳದ ತಲೆ ಸಣ್ಣದು, ಎಲ್ಲಿ ಬೇಕಾದರೂ ತೂರುತ್ತದೆ. ಇದೇ ಕಾರಣಕ್ಕೆ ಮಾಮೂಲಿ ಕೊರಳಪಟ್ಟಿ ಇದಕ್ಕೆ ಸಾಕಾಗುವುದಿಲ್ಲ. ಕುತ್ತಿಗೆಗಿಂತ ತಲೆ ಕಿರಿದು, ಹಿಂದಕ್ಕೆ ಎಳೆದರೆ ಪಟ್ಟಿ ಕಳಚಿ ಬರುತ್ತದೆ. ಎದೆಗೆ ಸುತ್ತಿ ಕಟ್ಟುವ ಹಾರ್ನೆಸ್ ಬೇಕು.

ಕಾಂಪೌಂಡ್ ಎಷ್ಟು ಎತ್ತರ, ಗೇಟು ಸದಾ ಹಾಕಿರುತ್ತಾ, ಮನೆಯಲ್ಲಿ ಕೋಳಿ, ಬೆಕ್ಕು ಇವೆಯಾ ಅಂತಲೂ ಕೇಳಿದೆ. ಹೋಂಸ್ಟೇ ಅಂದರೆ ಕೋಳಿ ಇದ್ದೇ ಇರುತ್ತವೆ ಅಂತ ಇಟ್ಟುಕೊಳ್ಳಿ. ನಮಗೆ ಬಹಳ ಇಷ್ಟವಾದ ಒಂದು ಹೋಂಸ್ಟೇಯನ್ನು ಇದೇ ಕಾರಣಕ್ಕೆ ಬಿಟ್ಟೆವು. ಅವರೇ ನೇರವಾಗಿ "ನಮ್ಮಲ್ಲಿ ಕೋಳಿ ಹೊರಗೇ ಓಡಾಡ್ತವೆ, ಈ ಜಾತಿ ನಾಯಿಗೆ ಕಷ್ಟ" ಅಂದರು. ಆ ಮಾತಿಗೆ ನಾನು ಈಗಲೂ ಋಣಿ.

ನಾಯಿಯನ್ನು ರೂಮಿನಲ್ಲಿ ಒಂಟಿಯಾಗಿ ಬಿಡಬಹುದಾ ಅನ್ನೋದು ಇನ್ನೊಂದು ದೊಡ್ಡ ಪ್ರಶ್ನೆ. ಬಹಳ ಕಡೆ ಬಿಡಬಾರದು ಅನ್ನುತ್ತಾರೆ, ಅದು ಸರಿಯೇ. ಹೊಸ ಜಾಗದಲ್ಲಿ ಒಂಟಿಯಾದರೆ ನಾಯಿ ಬೊಗಳುತ್ತದೆ, ಬಾಗಿಲು ಕೆರೆಯುತ್ತದೆ. ಡೈನಿಂಗ್ ಹಾಲಿಗೆ ಕರೆದುಕೊಂಡು ಹೋಗುವಂತಿಲ್ಲ. ಹಾಗಾದರೆ ಕುಟುಂಬ ಒಟ್ಟಿಗೆ ಊಟ ಮಾಡುವುದು ಎಲ್ಲಿ? "ಹೊರಗೆ ಟೇಬಲ್ ಹಾಕಿಕೊಡ್ತೀರಾ" ಅಂತ ಮೊದಲೇ ಕೇಳಿದ್ದಕ್ಕೆ ಅಂಗಳದಲ್ಲಿ ಊಟಕ್ಕೆ ವ್ಯವಸ್ಥೆ ಆಯ್ತು. ರಜೆಗೆ ಹೋಗಿ ಪಾಳಿ ಮೇಲೆ ಉಣ್ಣುವುದು ತಪ್ಪಿತು.

ಶೇರು ಮನೆಯಲ್ಲಿ ಜೋಳದ ರೊಟ್ಟಿ, ಮೊಸರು, ಮೊಟ್ಟೆ ತಿನ್ನುವ ನಾಯಿ. ಕಡಕ್ ರೊಟ್ಟಿ ಕಟ್ಟಿಕೊಂಡು ಹೋದೆವು, ಕೆಡುವುದಿಲ್ಲ. ಕೃಷ್ಣೆ ದಾಟುವ ಕೊಲ್ಹಾರದಲ್ಲಿ ಮೊಸರು ಚಲೋ ಸಿಗುತ್ತದೆ, ನಮಗೂ ಆಯ್ತು, ಅದಕ್ಕೂ ಆಯ್ತು. ಹೋಟೆಲ್ ಅಡುಗೆಮನೆಯಲ್ಲಿ ಅನ್ನ ಮಾತ್ರ ಬೇಯಿಸಿಕೊಡಲು ಹೇಳಿದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ, ರಕ್ತ ಕೆಡಿಸುತ್ತವೆ. ಸಾಂಬಾರು ಕಲಸಿದ ಅನ್ನ ಪ್ರೀತಿಯಿಂದ ಕೊಡಲು ಬರುವವರಿಗೆ ಇದನ್ನು ಮೊದಲೇ ಹೇಳಿಬಿಡಬೇಕು.

ಇನ್ನು ಸೆಕೆ. ನಮ್ಮ ಕಲಬುರಗಿ ಬಿಸಿಲು ಕಂಡ ನಾಯಿಗೆ ಕರಾವಳಿ ಏನು ಮಹಾ ಅಂತ ನಮ್ಮ ಬೀದಿಯವರು ಅಂದಿದ್ದರು. ಆದರೆ ಅದು ಹಾಗಲ್ಲ. ನಾಯಿ ನಮ್ಮ ಹಾಗೆ ಮೈಯೆಲ್ಲಾ ಬೆವರುವುದಿಲ್ಲ. ನಾಲಗೆ ಚಾಚಿ ಏದುಸಿರು ಬಿಟ್ಟು ಮೈ ತಣ್ಣಗೆ ಮಾಡಿಕೊಳ್ಳುತ್ತದೆ. ನಮ್ಮ ಒಣ ಗಾಳಿಯಲ್ಲಿ ಆ ತೇವ ಬೇಗ ಆರುತ್ತದೆ, ಮೈ ತಂಪಾಗುತ್ತದೆ. ಕರಾವಳಿಯ ಗಾಳಿಯಲ್ಲಿ ಮೊದಲೇ ನೀರು ತುಂಬಿರುತ್ತದೆ, ಅಲ್ಲಿ ಆರುವುದು ನಿಧಾನ. ಅದಕ್ಕೆ ಬಿಸಿಲು ನಮ್ಮಲ್ಲಿಗಿಂತ ಕಡಿಮೆ ಇದ್ದರೂ ಅಲ್ಲಿ ನಾಯಿಗೆ ಕಷ್ಟ. ಕರೆಂಟ್ ಹೋದರೆ ಫ್ಯಾನ್ ಓಡಲು ಜನರೇಟರ್ ಇದೆಯಾ ಅಂತ ಕೇಳಿದ್ದು ಇದಕ್ಕೇ. ಬೇಸಿಗೆ ರಜೆ ಬಿಟ್ಟು ಜನವರಿ ಆರಿಸಿದ್ದೂ ಇದಕ್ಕೇ. ಡಿಸೆಂಬರ್ ಕೊನೆ ಬೇಡ ಅಂದಿದ್ದು ಪಟಾಕಿಯ ಕಾರಣಕ್ಕೆ.

ಸಮುದ್ರದ ಹತ್ತಿರ ಇದೆ ಅನ್ನೋದಕ್ಕಿಂತ ಹೋಟೆಲಿನಿಂದ ಮರಳಿಗೆ ಹೋಗುವ ದಾರಿ ಎಂಥದ್ದು ಅನ್ನೋದು ಮುಖ್ಯ. ಕಾರವಾರದಲ್ಲಿ ಹೆದ್ದಾರಿ ಕಡಲ ಪಕ್ಕದಲ್ಲೇ ಹೋಗುತ್ತದೆ. ಲಾರಿಗಳ ನಡುವೆ ನಾಯಿ ಹಿಡಿದು ರಸ್ತೆ ದಾಟುವ ಜಾಗ ನನಗೆ ಬೇಡವಾಗಿತ್ತು. ಕಾಳಿ ನದಿ ದಾಟಿದರೆ ದೇವಬಾಗ, ಮಾಜಾಳಿ ಕಡೆ ಜನ ಕಡಿಮೆ. ಬೆಳಗ್ಗೆ ಬೇಗ, ಇಲ್ಲವೇ ಸಂಜೆ ಬಿಸಿಲು ಇಳಿದ ಮೇಲೆ ಮಾತ್ರ ಹೋಗುತ್ತಿದ್ದೆವು. ಅಂಗೈ ಹಿಂಭಾಗ ಮರಳಿನ ಮೇಲೆ ಇಟ್ಟು ನೋಡಬೇಕು. ನಮಗೆ ತಡೆಯಲು ಆಗದಿದ್ದರೆ ನಾಯಿಯ ಪಾದಕ್ಕೂ ಆಗುವುದಿಲ್ಲ. ಉದ್ದ ಹಗ್ಗ ಬಿಟ್ಟೆವೇ ಹೊರತು ಪೂರ್ತಿ ಬಿಡಲಿಲ್ಲ. ಬೀಚಿನಲ್ಲಿ ಬೀದಿನಾಯಿಗಳ ಗುಂಪು ಇರುತ್ತದೆ, ಅದು ಅವುಗಳ ಸೀಮೆ. ಮೀನುಗಾರರು ಬಲೆ ಎಳೆಯುವ ಜಾಗದಿಂದ ದೂರ ಇರಬೇಕು. ಬಿಟ್ಟುಹೋದ ಮೀನು, ಮುಳ್ಳು, ಗಾಳ ಎಲ್ಲವೂ ನಾಯಿ ಬಾಯಿಗೆ ಹೋಗುತ್ತವೆ. ಮೈ ಉಬ್ಬಿಸಿಕೊಳ್ಳುವ ಪಫರ್ ಮೀನು ಸತ್ತು ಬಿದ್ದಿದ್ದರೂ ವಿಷವೇ. ಉಪ್ಪು ನೀರು ಕುಡಿದರೆ ವಾಂತಿ, ಭೇದಿ. ಅದಕ್ಕೆ ಕುಡಿಯುವ ನೀರಿನ ಬಾಟಲಿ, ಬಟ್ಟಲು ಜೊತೆಗೇ ಇತ್ತು. ಅಲೆಗೆ ಮೊದಲು ಹೆದರಿದ ಶೇರು ಎರಡನೇ ಸಂಜೆ ಮಗನ ಜೊತೆ ನೊರೆ ಅಟ್ಟಿಸಿಕೊಂಡು ಓಡಿತು. ಅತ್ತೆ "ನೋಡ್ರಿ, ಹ್ಯಾಂಗ ಆಡ್ತದ" ಅಂತ ಸೆರಗು ಬಾಯಿಗಿಟ್ಟು ನಕ್ಕರು. ಅವರು ಅಷ್ಟು ನಕ್ಕಿದ್ದನ್ನು ನಾನು ನೋಡಿ ಬಹಳ ದಿನ ಆಗಿತ್ತು.

ಹೊರಡುವ ಮುಂಚೆ ಡಾಕ್ಟರಿಗೆ ತೋರಿಸಿದೆವು. ರೇಬಿಸ್ ಜೊತೆಗೆ ಇಲಿಜ್ವರದ ಲಸಿಕೆಯೂ ಆಗಿರಬೇಕು, ಕರಾವಳಿಯ ತೇವದಲ್ಲಿ ಅದು ಮುಖ್ಯ. ಯಲ್ಲಾಪುರದ ಕಾಡು ದಾಟುವುದರಿಂದ ಉಣ್ಣಿಗೆ ಔಷಧಿ ಮೊದಲೇ ಹಾಕಿಸಿದೆವು. ಉತ್ತರ ಕನ್ನಡದ ಕಾಡುಗಳಲ್ಲಿ ಉಣ್ಣಿಯಿಂದ ಮನುಷ್ಯರಿಗೂ ಮಂಗನ ಕಾಯಿಲೆ ಬರುತ್ತದೆ. ಹಾಗಾಗಿ ಕಾಡಿನ ನಡುವೆ ನಾಯಿಯನ್ನು ಪೊದೆಗೆ ಇಳಿಸಲಿಲ್ಲ. ಘಾಟ್ ತಿರುವುಗಳಿಗೆ ಮುಂಚೆ ಊಟ ಹಾಕಲಿಲ್ಲ, ವಾಂತಿ ಆಗಲಿಲ್ಲ. ಲಸಿಕೆ ಕಾರ್ಡಿನ ಮೂಲಪ್ರತಿ ಬ್ಯಾಗಿನಲ್ಲಿ, ಫೋಟೋ ಫೋನಿನಲ್ಲಿ. ಕಾರವಾರದಲ್ಲಿ ನಾಯಿ ನೋಡುವ ಡಾಕ್ಟರ್ ಯಾರು, ಭಾನುವಾರ ಸಿಗುತ್ತಾರಾ ಅಂತ ಹೋಟೆಲಿನವರನ್ನೇ ಕೇಳಿದೆ. ತಡವರಿಸದೆ ಹೆಸರು ಹೇಳಿದರು. ಆ ಜಾಗವನ್ನು ಕಡೆಗೆ ಗಟ್ಟಿ ಮಾಡಿದ್ದು ಈ ಉತ್ತರ ಕೇಳಿದ ಮೇಲೆ.

ಹೊರಡುವ ದಿನ ಅಂಗಳದ ನಲ್ಲಿಯಲ್ಲಿ ಶೇರುವಿನ ಮೈಯ ಉಪ್ಪು, ಮರಳು ತೊಳೆದೆವು. ಬೆರಳುಗಳ ಸಂದು, ಕಿವಿಯ ಹಿಂದೆ ಉಣ್ಣಿ ಇದೆಯಾ ನೋಡಿದೆವು. ಜಮಖಾನೆ ಹೊರಗೆ ಜಾಡಿಸಿ, ರೂಮಿನ ಕೂದಲು ನಾನೇ ಗುಡಿಸಿದೆ. ಗುಡಿಸುವ ಅಕ್ಕನಿಗೆ ಬೇರೆಯಾಗಿ ದುಡ್ಡು ಕೊಟ್ಟೆವು, ಅವರ ಕೆಲಸ ಹೆಚ್ಚಾಗಿದ್ದು ನಮ್ಮಿಂದ. ಡಿಪಾಸಿಟ್ ಪೂರ್ತಿ ವಾಪಸ್ ಬಂತು.