ಒಣಗಿದ ತುರಚೆಯೂ ಚುಚ್ಚುತ್ತದೆ

ತುರಚೆ ಕಂಡರೆ ಮಲೆನಾಡಿನವರು ಮಾರು ದೂರ ಸರಿಯುತ್ತಾರೆ. ನಾನು ಕತ್ತರಿ ಹಿಡಿದು ಹತ್ತಿರ ಹೋಗುತ್ತೇನೆ. ತುರಚೆ ಸೇರಿರುವ ಅರ್ಟಿಕೇಸಿ ಎಂಬ ಸಸ್ಯ ಕುಟುಂಬದ ಕಾಡುಗಿಡಗಳನ್ನು ಒಣಗಿಸಿ ಹಾಳೆಗೆ ಅಂಟಿಸುವುದು ನನ್ನ ಹುಚ್ಚು. ಈ ಕುಟುಂಬದ ಗಿಡಗಳೆಲ್ಲ ತುರಿಸುವುದಿಲ್ಲ. ಬೆಂಗಳೂರಿನ ಒದ್ದೆ ಗೋಡೆ, ಹೂಕುಂಡಗಳಲ್ಲಿ ತಾನಾಗಿ ಹುಟ್ಟುವ ಪುಟ್ಟ ಪೈಲಿಯಾ ಕೂಡ ಇದೇ ಬಳಗದ್ದು. ಅದು ಬಂದಿದ್ದು ಅಮೆರಿಕದ ಉಷ್ಣ ಪ್ರದೇಶದಿಂದ.

ಮೊದಲ ಸಲ ಆಗುಂಬೆ ಕಡೆಯ ಹಳ್ಳದಿಂದ ಇದೇ ಕುಟುಂಬದ ಎಲಾಟೊಸ್ಟೆಮಾ ಎಂಬ ಗಿಡ ತಂದೆ. ಜುಲೈ ಮಳೆ. ನೀರು ತುಂಬಿದ ದಂಟು. ಪೇಪರ್ ನಡುವೆ ಒತ್ತಿಟ್ಟು ಮೂರು ದಿನ ಮರೆತೇಬಿಟ್ಟೆ. ಬಿಚ್ಚಿದರೆ ಎಲೆಗಳೆಲ್ಲ ಉದುರಿದ್ದವು, ದಂಟು ಕಪ್ಪಗೆ ಕೊಳೆತಿತ್ತು. ಈಗ ಅಂಥ ದಂಟನ್ನು ಮೊದಲು ಕುದಿಯುವ ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯುತ್ತೇನೆ. ದಿನಕ್ಕೆರಡು ಸಲ ಪೇಪರ್ ಬದಲಿಸುತ್ತೇನೆ. ಮಳೆಗಾಲದಲ್ಲಿ ಕಟ್ಟನ್ನು ಬಚ್ಚಲ ಒಲೆಯ ಹತ್ತಿರ ಇಡುತ್ತೇನೆ.

ಒಣಗಿದ ಎಲೆಯಲ್ಲಿ ಒಂದು ಲಾಭ ಇದೆ. ಒಳಗಿನ ಸುಣ್ಣದ ಹರಳುಗಳು ಆಗ ಎದ್ದು ಕಾಣುತ್ತವೆ. ಇದೇ ಬಳಗದ ಪೌಜೋಲ್ಜಿಯಾದಲ್ಲಿ ಚುಕ್ಕೆ, ಎಲಾಟೊಸ್ಟೆಮಾದಲ್ಲಿ ಗೆರೆ. ಹಸಿ ಎಲೆಯಲ್ಲಿ ಇಷ್ಟು ಸ್ಪಷ್ಟ ಇರುವುದಿಲ್ಲ. ಹೂವಿಲ್ಲದ ಹಾಳೆಯ ಗಿಡ ಯಾವ ಗುಂಪಿನದು ಎಂದು ನಾನು ಮೊದಲು ಊಹಿಸುವುದು ಲೆನ್ಸ್ ಹಿಡಿದು ಇದನ್ನು ನೋಡಿಯೇ.

ಆದರೆ ಒಣಗಿದರೆ ಕಳೆದುಹೋಗುವುದೇ ಜಾಸ್ತಿ. ಹೂವು ಸಾಸಿವೆಗಿಂತ ಚಿಕ್ಕದು. ಗಂಡು ಹೂವು, ಹೆಣ್ಣು ಹೂವು ಬೇರೆ ಬೇರೆ. ಅವು ಒಂದೇ ಗಿಡದಲ್ಲಿದ್ದವೋ ಬೇರೆ ಗಿಡಗಳಲ್ಲೋ, ಒಂದು ಟೊಂಗೆ ನೋಡಿ ಯಾರು ಹೇಳುತ್ತಾರೆ? ಬಾಬಾಬುಡನ್‌ಗಿರಿಯಲ್ಲಿ ಆಳೆತ್ತರದ ಜಿರಾರ್ಡಿನಿಯಾ ಎಂಬ ತುರಚೆಯ ತುದಿ ಕತ್ತರಿಸಿ, ಚೀಟಿಯಲ್ಲಿ ಸುಮ್ನೆ ‘ರಸ್ತೆ ಬದಿ’ ಎಂದು ಬರೆದಿದ್ದೆ. ಆರು ತಿಂಗಳಾದ ಮೇಲೆ ಎತ್ತರ, ನೆರಳು, ಮಣ್ಣು ಯಾವುದೂ ನೆನಪಾಗಲಿಲ್ಲ. ಮತ್ತೆ ಘಾಟಿ ಹತ್ತಬೇಕಾಯಿತು. ಈಗ ಗಿಡದ ಮುಂದೆಯೇ ಕೂತು ನೋಟ್‌ಬುಕ್ ಬರೆಯುತ್ತೇನೆ, ಜಿಪಿಎಸ್ ಅಂಕಿಯೂ ಸೇರಿ. ಅರಣ್ಯ ಇಲಾಖೆಯ ಅನುಮತಿ ಪತ್ರ ಅದರೊಳಗೇ ಇರುತ್ತದೆ.

ಅದೇ ಜಿರಾರ್ಡಿನಿಯಾವನ್ನು ಬರಿಗೈಯಲ್ಲಿ ಅಂಟಿಸಲು ಹೋದೆ. ಒಣಗಿದೆ, ಇನ್ನೇನು ಮಾಡೀತು ಅಂದುಕೊಂಡಿದ್ದೆ. ಸಂಜೆತನಕ ಬೆರಳು ಉರಿಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂಗೆ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹಾಲಯಕ್ಕೆ, ‘ಜೆಸಿಬಿ’ ಎಂಬ ಸಂಕೇತವಿದೆ. ಹೌದು, ಮಣ್ಣು ಅಗೆಯುವ ಯಂತ್ರದ ಹೆಸರೇ. ಹಳೆಯ ಹಾಳೆಗಳೊಂದಿಗೆ ಹೋಲಿಸಲು ನನ್ನ ಕಟ್ಟು ಅಲ್ಲಿಗೆ ಹೊರಟಾಗ ತುರಚೆ ಹಾಳೆಗಳ ಮೇಲೆ ಕೆಂಪು ಶಾಯಿಯಲ್ಲಿ ಬರೆದೆ: ‘ಕೈಗವಸು ಹಾಕಿ ಮುಟ್ಟಿ’.