ಕೀ ಇಲ್ದೆ ವೀಲ್ ಲಾಕ್ ಬೋಲ್ಟ್ ಬಿಚ್ಚಿದ್ದು: ನನ್ನ ಅನುಭವ

ವೀಲ್ ಲಾಕ್ ಕೀ ಇಲ್ಲ ಅಂದಿದ್ದಕ್ಕೆ "ಅಲಾಯ್ ವೀಲ್ ಆಸೆ ಬಿಟ್ಬಿಡು" ಅಂದಿದ್ರು ನಮ್ಮ ಬೀದಿ ಗ್ಯಾರೇಜಿನ ಅಣ್ಣ. ನಾಲ್ಕೂ ಲಾಕ್ ಬೋಲ್ಟ್ (ಕಳ್ರು ವೀಲ್ ಬಿಚ್ಬಾರ್ದು ಅಂತ ವೀಲಿಗೊಂದು ಹಾಕಿರ್ತಾರೆ, ತಲೆಗೆ ಕೂರೋ ಅದರದ್ದೇ ಕೀ ಬೇಕು) ಬಿಚ್ಚಿ ಅವರ ಟೇಬಲ್ ಮೇಲೆ ಇಟ್ಟು ಬಂದಿದೀನಿ, ಅದಕ್ಕೇ ಬರೀತಿರೋದು.

ಕಾರು ಸೆಕೆಂಡ್ ಹ್ಯಾಂಡ್ ಪೋಲೋ, ಕಂಪನಿ ಅಲಾಯ್. ತಗೊಳ್ಳುವಾಗ ಈ ಲಾಕ್ ಕೀ ಕೇಳೋಕೆ ಹೊಳೀಲೇ ಇಲ್ಲ. ಹಾಸನದ ಹತ್ರ ಪಂಕ್ಚರ್ ಆದಾಗ ನೋಡಿದ್ರೆ ಸ್ಟೆಪ್ನಿ ಇದೆ, ಜಾಕ್ ಇದೆ, ಕೀ ಇಲ್ಲ. ಗಾಳಿ ಹೊಡ್ಕೊಂಡು ಹೊಡ್ಕೊಂಡು ಮನೆ ಸೇರಿದೆ. ಷೋರೂಮ್ನೋರು ತಮ್ಮ ಹತ್ರ ಇದ್ದ ಕೀ ಎಲ್ಲಾ ಇಟ್ಟು ನೋಡಿದ್ರು, ಒಂದೂ ಕೂರ್ಲಿಲ್ಲ, ಡ್ರಿಲ್ ಮಾಡೋದಾದ್ರೆ ಆರೇಳು ಸಾವಿರ, ಅಲಾಯ್ಗೆ ಗ್ಯಾರಂಟಿ ಇಲ್ಲ ಅಂದ್ರು.

ಮೊದಲ್ನೇ ತಪ್ಪು ನಂದೇ. ಮಿಕ್ಕ ನಾಲ್ಕು ಬೋಲ್ಟ್ ಬಿಚ್ಚಿ ಲಾಕಿಗೆ ಕೈ ಹಾಕಿದೆ, ಲೋಡೆಲ್ಲಾ ಅದೊಂದರ ಮೇಲೇ ಬಿತ್ತು, ಇನ್ನೂ ಬಿಗಿಯಾಯ್ತು. ಮಿಕ್ಕಿದ್ದು ಟೈಟಾಗೇ ಇರ್ಬೇಕು, ಗಾಡಿ ನೆಲದ ಮೇಲೇ ಇರ್ಬೇಕು, ಲಾಕ್ ಮೊದಲು ಬರ್ಬೇಕು. ಆಮೇಲೆ ಎರಡು ರಾತ್ರಿ ಎಣ್ಣೆ ಸ್ಪ್ರೇ ಹೊಡೆದೆ, ದಂಡ, ಹಿಡ್ಕೊಂಡಿರೋದು ತಲೆ ಕೆಳಗಿನ ಸೀಟು (ಬೋಲ್ಟ್ ವೀಲಿಗೆ ಒತ್ತಿ ಕೂರೋ ಜಾಗ), ಎಣ್ಣೆ ಅಲ್ಲಿಗೆ ಸುಲಭಕ್ಕೆ ಇಳಿಯಲ್ಲ. ಲಾಕ್ ತಲೆಗೆ ನಟ್ಟು ವೆಲ್ಡ್ ಮಾಡ್ಸೋಣ ಅಂತ 400 ಕೊಟ್ಟೆ, ವೆಲ್ಡ್ ಕಿತ್ತು ಬಂತು, ಅಲಾಯ್ ಪೇಂಟ್ ಒಂದು ರೂಪಾಯಿ ಅಗಲ ಸುಟ್ಟಿತು, ಮನೇಲಿ ಬೈಸ್ಕೊಂಡಿದ್ದು ಬೇರೆ.

ಕೊನೆಗೆ ಬೆಂಗಳೂರಿನ ಎಸ್‌ಜೆಪಿ ರೋಡಿಂದ ಹನ್ನೆರಡು ಮೂಲೆ ಸಾಕೆಟ್ (ಬೋಲ್ಟ್ ತಲೆ ಮೇಲೆ ಕೂರೋ ಬಟ್ಟಲಿನಂಥ ಪಾನಾ) ನಾಲ್ಕು ತಂದೆ, ಒಂದಕ್ಕೆ 150-160 ಇರ್ಬೇಕು. ಬೋಲ್ಟ್ ತಲೆಗಿಂತ ಕೂದಲೆಳೆಯಷ್ಟು ಚಿಕ್ಕದು. ಆದ್ರೆ ಅಲಾಯ್ ತೂತಿಗೇ ಹೋಗ್ಲಿಲ್ಲ! ಗ್ರೈಂಡರಲ್ಲಿ ಹೊರಮೈ ಉಜ್ಜಿ ತೆಳು ಮಾಡ್ದೆ, ಮೊದಲ್ನೇದು ಜಾಸ್ತಿ ಉಜ್ಜಿ ಸೀಳ್ತು. ಎರಡನೇದಕ್ಕೆ ಎಷ್ಟು ದಪ್ಪ ಬಿಟ್ಟೆ ಅನ್ನೋದು ನನ್ನ ಹತ್ರಾನೇ ಇರ್ಲಿ, ಸಾಕೆಟ್ ಬಾಯಿಗೆ ಒಂದು ಸಣ್ಣ ಕೆಲಸಾನೂ ಮಾಡಿದೀನಿ, ಅದನ್ನೂ ಹೇಳಲ್ಲ. ಎರಡು ಕೆಜಿ ಸುತ್ತಿಗೇಲಿ ಹೊಡೆದು ಕೂರಿಸ್ದೆ. ಆ ಏಟೇ ಅರ್ಧ ಕೆಲಸ ಮಾಡುತ್ತೆ, ಸೀಟು ಅದುರಿ ಬಿಡುತ್ತೆ. ಆಮೇಲೆ ಸಾಕೆಟ್ ತಿರುಗಿಸೋ ಕಬ್ಬಿಣದ ಬಾರ್, ಅದಕ್ಕೆ ನಾಲ್ಕಡಿ ಜಿಐ ಪೈಪು, ಮೊದಲು ಚೂರು ಬಿಗಿ ಕಡೆಗೆ, ಆಮೇಲೆ ಎಡಕ್ಕೆ. "ಟಕ್" ಅಂತು, ಬೋಲ್ಟೇ ಮುರೀತು ಅಂದ್ಕೊಂಡೆ, ನೋಡಿದ್ರೆ ಬಿಚ್ಕೊಂಡಿದೆ. ಸಾಕೆಟ್ಟಲ್ಲಿ ಸಿಕ್ಕಾಕ್ಕೊಂಡ ಬೋಲ್ಟನ್ನ ಹಿಂದಿನ ಚೌಕ ತೂತಿಂದ ಪಂಚ್ ಹಾಕಿ ಹೊಡೆದ್ರೆ ಬರುತ್ತೆ. ಮೂರನೇ ವೀಲಲ್ಲಿ ಇನ್ನೊಂದು ಸಾಕೆಟ್ ಹೋಯ್ತು.

ಒಂದು ಮಾತು, ತಲೆ ಮೇಲೆ ಸುಮ್ನೆ ಗಿರಗಿರ ತಿರುಗೋ ರಿಂಗ್ ಇರೋ ಲಾಕಿಗೆ ಇದು ನಡೆಯಲ್ಲ, ಮೊದಲು ಆ ರಿಂಗ್ ಒಡೀಬೇಕು.



ಹೊಸ ಬೋಲ್ಟ್ ನಾಲ್ಕು, ಎಂ14 1.5 (14 ಮಿ.ಮೀ. ದಪ್ಪ, 1.5 ಮಿ.ಮೀ. ಥ್ರೆಡ್), ಸುಮಾರು 600. ಅಂಗಡಿಯವ್ನು ಕೋನ್ ಸೀಟಿಂದು (ತಲೆ ಕೆಳಗೆ ಓರೆ ಇರೋದು) ಕೊಡೋಕ್ಬಂದ, ಇದಕ್ಕೆ ಬಾಲ್ ಸೀಟೇ (ಗುಂಡಗಿರೋದೇ) ಆಗ್ಬೇಕು, ವಾಪಸ್ ಕೊಟ್ಟು ಬೇರೆ ತಂದೆ. 120 ನ್ಯೂಟನ್-ಮೀಟರ್ ಟಾರ್ಕಿಗೆ ಬಿಗಿ ಮಾಡಿ ಐವತ್ತು ಕಿಲೋಮೀಟರ್ ಓಡ್ಸಿ ಮತ್ತೆ ನೋಡ್ದೆ. ಎಲ್ಲಾ ಸೇರಿ 1,700 ಆಗಿರ್ಬೋದು, ಸುಟ್ಟ ಪೇಂಟಿನ ಲೆಕ್ಕ ಇನ್ನೂ ಹಾಕಿಲ್ಲ.