ಪ್ಲೇಟಿನ ಹಿಂದಿನ ಮಗ್ಗುಲು

ನಮ್ಮ ಮನೆಯಲ್ಲಿ ಒಂದು ರೂಢಿ ಇದೆ. ಹೊಸದಾಗಿ ತಂದ ಸಿಂಗಲ್, ಅಂದರೆ ಮಗ್ಗುಲಿಗೊಂದು ಹಾಡಿರುವ ಸಣ್ಣ ಗ್ರಾಮಫೋನ್ ಪ್ಲೇಟು, ಯಾವುದೇ ಇರಲಿ, ಮೊದಲು ಕೇಳುವುದು ಹಿಂದಿನ ಮಗ್ಗುಲನ್ನು. ಹೆಸರು ಮಾಡಿದ ಹಾಡು ಆಮೇಲೆ. ಹತ್ತು ವರ್ಷದಿಂದ ಹೀಗೇ ನಡೆದುಬಂದಿದೆ. ಈಗ ಮಗಳಿಗೂ ಅದೇ ಅಭ್ಯಾಸ.

ನಾನಿರುವುದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ದಾವಣಗೆರೆಯಿಂದ ಬೆಂಗಳೂರು, ಅಲ್ಲಿಂದ ಕೆಲಸದ ಮೇಲೆ ಇಲ್ಲಿಗೆ ಬಂದವನು. ಏಪ್ರಿಲ್ 27 ಇಲ್ಲಿನ ರಾಜನ ಹುಟ್ಟುಹಬ್ಬ, ಕೋನಿಂಗ್ಸ್‌ಡಾಗ್. ಆ ದಿನ ಊರಿಗೆ ಊರೇ ಬೀದಿಗೆ ಬಂದು, ನೆಲಕ್ಕೆ ಬೆಡ್‌ಶೀಟ್ ಹಾಸಿ, ಮನೆಯ ಹಳೇ ಸಾಮಾನು ಮಾರುತ್ತದೆ. ಮೊದಲ ವರ್ಷ ಸುಮ್ನೆ ನೋಡೋಣ ಅಂತ ಹೋಗಿದ್ದೆ. ವಯಸ್ಸಾದ ಹೆಂಗಸೊಬ್ಬರು ಪ್ಲಾಸ್ಟಿಕ್ ಕ್ರೇಟಿನ ತುಂಬ ಸಣ್ಣ ಪ್ಲೇಟುಗಳನ್ನು ನಿಲ್ಲಿಸಿಟ್ಟುಕೊಂಡು ಕೂತಿದ್ದರು. ಒಂದಕ್ಕೆ 50 ಸೆಂಟ್.

"ಎಲ್ಲ ನನ್ನ ತಮ್ಮನದು. ನೀವು ಇದನ್ನ ಕೇಳ್ತೀರಾ, ಇಲ್ಲಾ ಗೋಡೆಗೆ ಅಂಟಿಸ್ತೀರಾ?" ಅಂದರು.

"ಕೇಳ್ತೀನಿ" ಅಂದೆ. ಐದು ಪ್ಲೇಟು ಆರಿಸಿ ತಂದೆ. ಪ್ಲೇಯರ್ ತಂದಿದ್ದು ಮುಂದಿನ ವಾರ.

ಆ ಐದರಲ್ಲಿ ಒಂದು ಯಾಝೂ ಜೋಡಿಯ 'ಓನ್ಲಿ ಯೂ', 1982ರ ಇಂಗ್ಲೆಂಡ್ ಪ್ರೆಸ್ಸಿಂಗ್, ಅಂದರೆ ಅಲ್ಲೇ ಅಚ್ಚಾದದ್ದು. ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದ ದನಿ ಹುಟ್ಟಿಸುವ ವಾದ್ಯ, ನುಡಿಸುವವರು ವಿನ್ಸ್ ಕ್ಲಾರ್ಕ್, ಹಾಡುವವರು ಆಲಿಸನ್ ಮೊಯೆ. ಹಾಡು ಚೆನ್ನಾಗಿದೆ, ಎಲ್ಲರಿಗೂ ಗೊತ್ತಿರುವಂಥದ್ದೇ. ಮುಗಿದ ಮೇಲೆ ಮಗುಚಿ ಹಾಕಿದೆ. ಹಿಂದೆ 'ಸಿಚುಯೇಷನ್' ಅಂತ ಇನ್ನೊಂದು ಹಾಡು. ಮುಂದಿನದು ಎಷ್ಟು ಮೆತ್ತಗೋ ಇದು ಅಷ್ಟು ಬಿರುಸು. ಒಂದು ಕಡೆ ಆಲಿಸನ್ ಬಾಯಿಬಿಟ್ಟು ನಗುತ್ತಾರೆ. ನಾನು ಕೂತಲ್ಲಿಂದ ಎದ್ದು ನಿಂತೆ. ಈ ನಗು ನಾನು ಕೇಳಿದ್ದೇನೆ! ಶಾಲೆಯ ವಾರ್ಷಿಕೋತ್ಸವದಲ್ಲಿ ನಾವೆಲ್ಲ ಸಾಲಾಗಿ ನಿಂತು ಕುಣಿದ 'ಮ್ಯಾಕರೀನಾ' ರೀಮಿಕ್ಸ್‌ನಲ್ಲಿ ಬರುವ ನಗು ಇದೇ. ಯಾರ ನಗು ಅಂತ ಗೊತ್ತಿಲ್ಲದೆ ಅದರ ಜೊತೆ ಕುಣಿದಿದ್ದೆವು. ಒಂದು ಪ್ಲೇಟಿನ ಹಿಂಬದಿಯಲ್ಲಿದ್ದ ನಗು ದಾವಣಗೆರೆಯ ಶಾಲೆಯ ಅಂಗಳದವರೆಗೂ ಬಂದಿತ್ತು. ಆ ರಾತ್ರಿ ಉಳಿದ ನಾಲ್ಕನ್ನೂ ಹಿಂದಿನಿಂದ ಶುರು ಮಾಡಿದೆ.

ಹಿಂದಿನ ಮಗ್ಗುಲಿನಲ್ಲಿ ಇಂಥ ಹಾಡುಗಳು ಸಿಗುವುದಕ್ಕೆ ಕಾರಣ ಇದೆ. ಪ್ಲೇಟು ಕಂಪನಿಯ ಕಣ್ಣೆಲ್ಲ ಮುಂದಿನ ಹಾಡಿನ ಮೇಲೆ. ಹಿಂದೆ ಏನು ಹಾಕುತ್ತೀರೋ ಹಾಕಿ ಅಂತ ತಂಡದ ಹುಡುಗರಿಗೆ ಬಿಟ್ಟುಬಿಡುತ್ತಿದ್ದರು. ಅವರು ಹೊಸ ಯಂತ್ರದಲ್ಲಿ ಕೈಯಾಡಿಸಿ ಮಾಡಿದ್ದೆಲ್ಲ ಅಲ್ಲಿಗೆ ಹೋಗುತ್ತಿತ್ತು. ದುಡ್ಡಿನ ಲೆಕ್ಕವೂ ಇತ್ತು. ಪ್ಲೇಟು ಮಾರಾಟವಾದರೆ ಹಾಡು ಬರೆದವರಿಗೆ ಸಿಗುವ ರಾಯಲ್ಟಿ ಎರಡೂ ಮಗ್ಗುಲಿಗೆ ಒಂದೇ. ಸಾಫ್ಟ್ ಸೆಲ್ ಅನ್ನುವ ಇಬ್ಬರ ತಂಡದ 'ಟೇಂಟೆಡ್ ಲವ್' 1981ರಲ್ಲಿ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಆದರೆ ಮುಂದಿನದೂ ಬೇರೆಯವರು ಬರೆದ ಹಾಡು, ಹಿಂದಿನದೂ ಬೇರೆಯವರದೇ. ಅಷ್ಟು ಪ್ಲೇಟು ಮಾರಾಟವಾದರೂ ಬರವಣಿಗೆಯ ಪಾಲು ಆ ಇಬ್ಬರಿಗೆ ದಕ್ಕಲಿಲ್ಲ. ಹಿಂದೆ ತಮ್ಮದೇ ಒಂದು ಹಾಡು ಹಾಕಿದ್ದರೆ ಸಾಕಿತ್ತು ಅಲ್ವಾ? ಇದು ನೆನಪಾದಾಗಲೆಲ್ಲ ಹೊಟ್ಟೆ ಚುರುಕ್ ಅನ್ನುತ್ತದೆ.

ಹಿಂದಿನದೇ ಗೆದ್ದ ಕತೆಯೂ ಇದೆ. 1981ರಲ್ಲಿ ಬ್ರಿಟನ್ನಿನಲ್ಲಿ ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ 'ಕಂಪ್ಯೂಟರ್ ಲವ್' ಬಂತು. ಅದರ ಹಿಂದಿನ ಮಗ್ಗುಲಿನಲ್ಲಿ ಅವರ 1978ರ ಆಲ್ಬಮ್‌ನ 'ದ ಮಾಡೆಲ್'. ಮುಂದಿನ ಹಾಡು 36ನೇ ಸ್ಥಾನಕ್ಕೆ ನಿಂತುಬಿಟ್ಟಿತು. ರೇಡಿಯೋದವರು ಪ್ಲೇಟು ಮಗುಚಿ ಹಿಂದಿನದನ್ನೇ ಹಾಕತೊಡಗಿದರು. ಕಂಪನಿ ಮತ್ತೆ ಬಿಡುಗಡೆ ಮಾಡಿತು. 1982ರ ಫೆಬ್ರವರಿಯಲ್ಲಿ 'ದ ಮಾಡೆಲ್' ಒಂದನೇ ಸ್ಥಾನದಲ್ಲಿತ್ತು.

ನನಗೆ ಜಾಸ್ತಿ ಇಷ್ಟವಾದವು ಗೆಲ್ಲದೆ ಹಾಗೇ ಉಳಿದವು. ಜಾನ್ ಫಾಕ್ಸ್‌ನ 'ಅಂಡರ್‌ಪಾಸ್' ಹಿಂದೆ 'ಫಿಲ್ಮ್ ಒನ್' ಅಂತ ಇದೆ. 1980ರದು. ಮಾತಿಲ್ಲ, ಬರೀ ಯಂತ್ರದ ದನಿ. ಆ ವರ್ಷ ಬಂದ ಅವರ ಎಲ್‌ಪಿಯಲ್ಲಿ, ಅಂದರೆ ಹಲವು ಹಾಡುಗಳ ದೊಡ್ಡ ಪ್ಲೇಟಿನಲ್ಲಿ, ಅದಕ್ಕೆ ಜಾಗ ಸಿಗಲಿಲ್ಲ. ಅಲ್ಟ್ರಾವಾಕ್ಸ್‌ನ 'ವಿಯೆನ್ನಾ' ಹಿಂದಿರುವ 'ಪ್ಯಾಷನೇಟ್ ರಿಪ್ಲೈ'ದೂ ಅದೇ ಪಾಡು. ಡಿಪೆಷ್ ಮೋಡ್‌ನ ಮೊಟ್ಟಮೊದಲ ಸಿಂಗಲ್ 'ಡ್ರೀಮಿಂಗ್ ಆಫ್ ಮೀ' ಬಂದಿದ್ದು 1981ರಲ್ಲಿ. ಮುಂದಿನ ಹಾಡು ಹುಡುಗಾಟದ್ದು. ಹಿಂದಿನ 'ಐಸ್ ಮಷಿನ್' ಬೇರೆಯೇ. ಇಪ್ಪತ್ತರ ಆಸುಪಾಸಿನ ಹುಡುಗರು ಇಷ್ಟು ತಣ್ಣಗೆ, ಇಷ್ಟು ಒಳಗಿನದನ್ನು ಮಾಡಿದರಾ ಅನ್ನಿಸುತ್ತದೆ. ಆ ತಂಡ ಮುಂದೆ ಯಾವ ದಾರಿ ಹಿಡಿಯಿತೋ ಅದರ ಸುಳಿವು ನನಗೆ ಕಾಣುವುದು ಈ ಮಗ್ಗುಲಿನಲ್ಲಿ.

ಇಂಗ್ಲೆಂಡಿನವು ಹೇಗೋ ಸಿಗುತ್ತವೆ. ಇತ್ತ ಬೆಲ್ಜಿಯಂ, ಜರ್ಮನಿ, ಸ್ವಿಟ್ಜರ್ಲೆಂಡ್ ಕಡೆಯವನ್ನು ಕೇಳಿದವರೇ ಕಡಿಮೆ. ಬ್ರಸೆಲ್ಸ್‌ನ ಟೆಲೆಕ್ಸ್ ಅನ್ನುವ ಮೂವರ ತಂಡದ ಮೇಲೆ ನನಗೆ ವಿಶೇಷ ಪ್ರೀತಿ. ಯೂರೋಪಿನ ದೇಶಗಳ ನಡುವಿನ ಹಾಡಿನ ಸ್ಪರ್ಧೆ ಯೂರೋವಿಷನ್ 1980ರಲ್ಲಿ ನಡೆದದ್ದು ಹೇಗ್ ನಗರದಲ್ಲಿ. ಅಲ್ಲಿಗೆ ಇವರು 'ಯೂರೋ-ವಿಷನ್' ಅನ್ನುವ ಹಾಡನ್ನೇ ಒಯ್ದರು. ಅಲುಗಾಡದೆ ನಿಂತು ಹಾಡಿ, ಕೊನೆಗೆ ಹಾಡುಗಾರ ಸಭಿಕರ ಫೋಟೋ ಹೊಡೆದ. 19 ದೇಶಗಳಲ್ಲಿ 17ನೇ ಸ್ಥಾನ. ಕೇಳಿದರೆ ಇವತ್ತಿಗೂ ಹೊಸದಾಗೇ ಇದೆ.

ಇವರ 1979ರ 'ಮಾಸ್ಕೋ ಡಿಸ್ಕೋ' ಹುಡುಕಿಕೊಂಡು ಬ್ರಸೆಲ್ಸ್‌ನ ಪ್ಲಾಸ್ ದ್ಯು ಜ್ಯೋ ದ ಬಾಲ್ ಚೌಕಕ್ಕೆ ಹೋಗಿದ್ದೆ. ಅಲ್ಲಿ ದಿನಾ ಬೆಳಿಗ್ಗೆ ಹಳೇ ಸಾಮಾನಿನ ಸಂತೆ. ಕವರ್ ಕಂಡದ್ದೇ ತಡ, ಎದೆ ಡವಡವ ಅಂತು. 4 ಯೂರೋ ಕೊಟ್ಟು ಚೀಲಕ್ಕೆ ಹಾಕಿದೆ. ಮನೆಗೆ ಬಂದು ತೆಗೆದರೆ ಒಳಗಿರುವುದು ಫ್ರೆಂಚ್ ಮಕ್ಕಳ ಹಾಡು! ಯಾವುದೋ ಕಾಲದಲ್ಲಿ ಯಾರೋ ಅದಲುಬದಲು ಮಾಡಿಟ್ಟಿದ್ದಾರೆ. ಅಂದಿನಿಂದ ಪ್ಲೇಟು ಹೊರಗೆ ತೆಗೆದು ನೋಡದೆ ದುಡ್ಡು ಕೊಡುವುದಿಲ್ಲ.

ನೋಡುವುದಕ್ಕೂ ಒಂದು ರೀತಿ ಇದೆ. ಅಂಚು ಮತ್ತು ನಡುವಿನ ಲೇಬಲ್ ಮಾತ್ರ ಮುಟ್ಟಿ, ಬಿಸಿಲಿಗೆ ಓರೆಯಾಗಿ ಹಿಡಿಯಬೇಕು. ಕಣ್ಣಿಗೆ ಕಾಣುವ ಗೀರು ಉಗುರಿಗೆ ತಾಗದಿದ್ದರೆ ಹೆಚ್ಚಿನ ಸಲ ಚಿಂತೆಯಿಲ್ಲ. ತಾಗಿದರೆ ಪ್ಲೇಯರಿನ ಮುಳ್ಳು ಅಲ್ಲಿ ಎಗರಬಹುದು. ಯೂರೋಪಿನ ಈ ಕಡೆಯ ಎಷ್ಟೋ ಸಿಂಗಲ್‌ಗಳಿಗೆ ನಡುವೆ ದೊಡ್ಡ ತೂತು, ಅದಕ್ಕೊಂದು ಅಡಾಪ್ಟರ್ ಬೇಕು. ಹಾಡು ಮುಗಿದು ಲೇಬಲ್ ಶುರುವಾಗುವ ನಡುವಿನ ನುಣುಪಾದ ಪಟ್ಟಿಯನ್ನು ಮರೆಯದೆ ನೋಡಿ. ಪ್ರೆಸ್ಸಿಂಗ್ ನಂಬರ್ ಇರುವುದು ಅಲ್ಲೇ. ಎಷ್ಟೋ ಬ್ರಿಟಿಷ್ ಪ್ಲೇಟುಗಳಲ್ಲಿ ಅದರ ಪಕ್ಕ 'ಎ ಪೋರ್ಕಿ ಪ್ರೈಮ್ ಕಟ್' ಅಂತ ಕೈಬರಹ ಇರುತ್ತದೆ. ಅದು ಜಾರ್ಜ್ ಪೆಕ್‌ಹ್ಯಾಮ್ ಅನ್ನುವ ಕಟಿಂಗ್ ಎಂಜಿನಿಯರ್, ಅಂದರೆ ಅಚ್ಚಿನ ಮೂಲ ತಟ್ಟೆಯಲ್ಲಿ ಹಾಡಿನ ಗೆರೆ ಕೊರೆಯುವವರು, ಬಿಟ್ಟ ಗುರುತು. ದೀಪದ ಕೆಳಗೆ ಓರೆ ಮಾಡಿದಾಗ ಆ ಅಕ್ಷರ ಮಿನುಗುತ್ತದೆ. ನನಗೆ ಅದು ಹಳೇ ಪಾತ್ರೆಯ ಮೇಲೆ ಕೊರೆಸಿದ ಅಜ್ಜಿಯ ಹೆಸರು ಕಂಡ ಹಾಗೆ.

ತೊಳೆಯುವುದು ಭಾನುವಾರ ಬೆಳಿಗ್ಗೆ. ಡಿಸ್ಟಿಲ್ಡ್ ವಾಟರ್, ಅದಕ್ಕೆ ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆ ಬ್ರಷ್. ಲೇಬಲ್‌ಗೆ ನೀರು ತಾಗಬಾರದು. ಗೆರೆ ಹೋದ ದಿಕ್ಕಿನಲ್ಲೇ ಉಜ್ಜಿ, ಬರೀ ನೀರಿನಲ್ಲಿ ಇನ್ನೊಮ್ಮೆ ತೊಳೆದು, ಪಾತ್ರೆ ಸ್ಟ್ಯಾಂಡಿನಲ್ಲಿ ನಿಲ್ಲಿಸುತ್ತೇನೆ. ಒಣಗಿದ ಮೇಲೆ ಹೊಸ ಒಳಕವರ್. ಒಂದರ ಮೇಲೊಂದು ಪೇರಿಸಿದರೆ ಬಾಗುತ್ತವೆ, ಪುಸ್ತಕದಂತೆ ನಿಲ್ಲಿಸಿಯೇ ಇಡಬೇಕು.

5 ಯೂರೋಗಿಂತ ಜಾಸ್ತಿ ಕೊಡುವುದಿಲ್ಲ ಅಂತ ಮಿತಿ ಹಾಕಿಕೊಂಡಿದ್ದೇನೆ. ಅದರಿಂದ ಕೆಲವು ಕೈತಪ್ಪಿವೆ, ನಿಜ. ಆದರೆ ಬೆಲೆ ನೋಡಿ ಕೊಳ್ಳುವವರು ಹೆಸರು ಹುಡುಕುತ್ತಾರೆ. ನಾನು ಹೆಸರೇ ಕೇಳದ್ದನ್ನು ಧೈರ್ಯವಾಗಿ ತರಬಹುದು. ಇಲ್ಲಿನ ಕ್ರಿಂಗ್‌ಲೋಪ್ ಅಂಗಡಿಗಳಲ್ಲಿ, ಅಂದರೆ ಜನ ಬೇಡವೆಂದು ಕೊಟ್ಟ ಸಾಮಾನು ಮಾರುವಲ್ಲಿ, ಒಂದು ಮೂಲೆಯಲ್ಲಿ ಸಿಂಗಲ್‌ಗಳ ಪೆಟ್ಟಿಗೆ ಇದ್ದೇ ಇರುತ್ತದೆ. ಕವರ್ ಹಿಂದೆ ಸಿಂಥಸೈಜರ್ ಅಂತ ಇದ್ದು, ವರ್ಷ 1979ರಿಂದ 1984ರೊಳಗಿದ್ದರೆ ತಂದುಬಿಡುತ್ತೇನೆ.

ಆ ಟೆಲೆಕ್ಸ್ ಕವರ್ ಇನ್ನೂ ಕಪಾಟಿನಲ್ಲಿದೆ, ಖಾಲಿ. ಮಕ್ಕಳ ಹಾಡಿನ ಪ್ಲೇಟನ್ನು ಮಗಳು ತನ್ನದು ಮಾಡಿಕೊಂಡಿದ್ದಾಳೆ. ಮೊನ್ನೆ ಅಡಾಪ್ಟರ್ ತಾನೇ ಕೂರಿಸಿ, ನನ್ನ ಕಡೆ ತಿರುಗಿ, "ಅಪ್ಪಾ, ಇದರ ಹಿಂದೆ ಏನಿದೆ ಅಂತ ನೀನು ಕೇಳೇ ಇಲ್ಲ" ಅಂದಳು. ಹೌದು, ಕೇಳಿರಲಿಲ್ಲ. ಇಬ್ಬರೂ ಕೂತು ಕೇಳಿದೆವು.